ಕ್ಯಾಬರೆ ಸುದ್ದಿಪತ್ರ ನಿಲ್ಲದಿರಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ಯಾಬರೆ ಎಂದರೆ ಸಿನಿಮಾದಲ್ಲಿ ಬರುವ ಕುಣಿತ ಎಂದುಕೊಂಡವರು ಬಹಳ. ಇಲ್ಲಿ ಹೇಳುತ್ತಿರುವುದು ಬೇರೆ. ಮೇಜು, ಕುರ್ಚಿ ಹಾಕಿದ ಸಣ್ಣ ಕೋಣೆ, ಒಂದು ಪಿಯಾನೊ, ಒಂದು ಮೈಕು. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತು ಹಾಡುತ್ತ, ಹಾಡಿನ ನಡುವೆ ಮಾತಾಡುವ ಕಲಾವಿದರು. ಈ ರಂಗಪ್ರಕಾರದ ಸುದ್ದಿ, ಕಾರ್ಯಕ್ರಮಗಳ ಪಟ್ಟಿ, ವಿಮರ್ಶೆಗಳನ್ನು ದೊಡ್ಡ ಸಂಸ್ಥೆಯೊಂದರ ಆಸರೆಯಿಲ್ಲದೆ ಇಮೇಲ್ ಮತ್ತು ಜಾಲತಾಣದ ಮೂಲಕ ಹೊರತರುವವರು ಕೇಳಿದ ಪ್ರಶ್ನೆಗಳಿವು.

ಪ್ರಶ್ನೆ: ಸಭಾಂಗಣಗಳು ಜಾಹೀರಾತು ನಿಲ್ಲಿಸಿವೆ. ಕೈಯಲ್ಲಿರುವ ಹಣ ಕರಗುತ್ತಿದೆ. ವಾರಪತ್ರವನ್ನು ಮುಚ್ಚಬೇಕೋ, ಹೇಗಾದರೂ ಎಳೆದುಕೊಂಡು ಹೋಗಬೇಕೋ ತಿಳಿಯುತ್ತಿಲ್ಲ.

ಮೊದಲು ಕಳೆದ 12 ತಿಂಗಳ ಬ್ಯಾಂಕ್ ವಿವರ ತೆಗೆದು ಖರ್ಚನ್ನು ಮೂರು ಪಾಲು ಮಾಡಿ. ಕಟ್ಟದಿದ್ದರೆ ಸೇವೆಯೇ ಮಾಯವಾಗುವಂಥದ್ದು ಒಂದು ಪಾಲು: ಡೊಮೇನ್ ಹೆಸರು, ಹೋಸ್ಟಿಂಗ್, ಇಮೇಲ್ ಕಳಿಸುವ ಸೇವೆ, ಬ್ಯಾಕಪ್. ಬರೆಯುವವರ ಮತ್ತು ಛಾಯಾಗ್ರಾಹಕರ ಸಂಭಾವನೆ ಎರಡನೆಯದು. ಉಳಿದದ್ದೆಲ್ಲ ಮೂರನೆಯದು. ವರ್ಷಕ್ಕೊಮ್ಮೆ ಬರುವ ಬಿಲ್ಲುಗಳನ್ನು 12 ರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ಸೇರಿಸಿ. ಲೆಕ್ಕ ತಪ್ಪುವುದು ಹೆಚ್ಚಾಗಿ ಅಲ್ಲೇ.

ಒಂದು ಉದಾಹರಣೆ, ಅಂಕಿಗಳನ್ನು ನಿಮ್ಮ ಊರಿನ ನಾಣ್ಯದಲ್ಲೇ ಓದಿಕೊಳ್ಳಿ. ಕೈಯಲ್ಲಿ 2400 ಇದೆ. ತಿಂಗಳಿಗೆ ಮೊದಲ ಪಾಲು 60, ಸಂಭಾವನೆ 340, ಇತರೆ 100. ಬರುವುದು 200. ಅಂದರೆ ತಿಂಗಳಿಗೆ 300 ಕೊರತೆ, ಹಣ 8 ತಿಂಗಳಿಗೆ ಸಾಕು. ‘ಇತರೆ’ಯನ್ನು ಪೂರ್ತಿ ಕಡಿದರೆ 12 ತಿಂಗಳು. ಅದರ ಜೊತೆಗೆ ಸಂಭಾವನೆಯನ್ನೂ ಅರ್ಧಕ್ಕಿಳಿಸಿದರೆ ಕೊರತೆ ಬರೀ 30. ಆಮೇಲೆ ಆದಾಯ ಸೊನ್ನೆ ಎಂದಿಟ್ಟುಕೊಂಡು ಇನ್ನೊಮ್ಮೆ ಲೆಕ್ಕ ಹಾಕಿ. 2400 ಅನ್ನು 230 ರಿಂದ ಭಾಗಿಸಿದರೆ ಸುಮಾರು 10 ತಿಂಗಳು. ನೀವು ನಂಬಿ ನಡೆಯಬೇಕಾದ್ದು ಈ ಕೊನೆಯ ಸಂಖ್ಯೆಯನ್ನು.

ಎರಡು ಎಚ್ಚರಿಕೆ. ಸಂಭಾವನೆ ಅರ್ಧಕ್ಕಿಳಿಸುವುದೆಂದರೆ ಬರಹಗಳ ಸಂಖ್ಯೆಯನ್ನು ಇಳಿಸುವುದು, ಒಂದೊಂದು ಬರಹಕ್ಕೆ ಕೊಡುವ ದರವನ್ನಲ್ಲ. ದರ ಇಳಿಸಿದರೆ ಚೆನ್ನಾಗಿ ಬರೆಯುವವರೇ ಮೊದಲು ಬಿಟ್ಟುಹೋಗುತ್ತಾರೆ. ಇನ್ನೊಂದು, ವಾರ್ಷಿಕ ಚಂದಾ ಎಂದು ಮುಂಗಡ ಬಂದ ಹಣದಲ್ಲಿ ಇನ್ನೂ ಕಳಿಸದ ಸಂಚಿಕೆಗಳ ಪಾಲು ನಿಮ್ಮದಲ್ಲ. 2400 ರಲ್ಲಿ 600 ಅಂಥದ್ದಾದರೆ, ನಾಳೆಯೇ ಮುಚ್ಚಿದರೂ ಅದನ್ನು ಹಿಂದಿರುಗಿಸಬೇಕು. ಹಾಗಾಗಿ ಮುಚ್ಚುವ ದಿನ ಬಂದರೆ ಅದು ಖಾತೆ ಬರಿದಾಗುವ ದಿನವಾಗಿರಬಾರದು, 600 ಉಳಿದಿರುವ ದಿನವಾಗಿರಬೇಕು.

ಪ್ರಶ್ನೆ: ವಿಮರ್ಶೆ, ಸಂದರ್ಶನ, ಕಾರ್ಯಕ್ರಮಪಟ್ಟಿ, ಅಂಕಣ ಎಲ್ಲವೂ ಇವೆ. ಯಾವುದನ್ನು ಬಿಡಲಿ, ಯಾವುದನ್ನು ಉಳಿಸಿಕೊಳ್ಳಲಿ?

ಪಟ್ಟಿಯನ್ನು ಮಾತ್ರ ಬಿಡಬೇಡಿ. ಕಷ್ಟ ಬಂದಾಗ ಹೆಚ್ಚಿನವರು ಮೊದಲು ಕೈಬಿಡುವುದು ಅದನ್ನೇ. ಬೇಸರದ ಕೆಲಸ, ಹೆಸರು ತರದ ಕೆಲಸ. ಆದರೆ ಕ್ಯಾಬರೆ ಕಾರ್ಯಕ್ರಮ ತಿಂಗಳುಗಟ್ಟಲೆ ನಡೆಯುವ ನಾಟಕದಂಥದ್ದಲ್ಲ. ಹೆಚ್ಚಿನವು ಒಂದೇ ರಾತ್ರಿಯವು, ಇಲ್ಲವೇ ಬಿಡುವು ಬಿಟ್ಟು ಮೂರು ನಾಲ್ಕು ರಾತ್ರಿಯವು. ವಿಮರ್ಶೆ ಹೊರಬರುವ ಹೊತ್ತಿಗೆ ಕಾರ್ಯಕ್ರಮ ಮುಗಿದೇ ಹೋಗಿರುತ್ತದೆ. ಕುರ್ಚಿ ತುಂಬಿಸುವುದು ಪಟ್ಟಿ. ಓದುಗರು ವಾರವಾರ ಇಮೇಲ್ ತೆರೆಯುವುದೂ ಅದಕ್ಕಾಗಿಯೇ. ಬಿಡುವುದಾದರೆ ದೊಡ್ಡ ಸಂದರ್ಶನಗಳನ್ನು ಮೊದಲು ಬಿಡಿ, ನಂತರ ಅಂಕಣಗಳನ್ನು. ವಿಮರ್ಶೆಯನ್ನು ವಾರಕ್ಕೆ ಆರರಿಂದ ಎರಡಕ್ಕಿಳಿಸಿ.

ಪಟ್ಟಿ ಚೆನ್ನಾಗಿರಬೇಕೆಂದರೆ ಒಂದು ನಮೂದಿನಲ್ಲಿ ಏನೇನಿರಬೇಕು ನೋಡಿ. ಕಲಾವಿದರ ಹೆಸರು, ಕಾರ್ಯಕ್ರಮದ ಹೆಸರು, ಪಿಯಾನೊ ನುಡಿಸುವವರ ಅಥವಾ ಸಂಗೀತ ನಿರ್ದೇಶಕರ ಹೆಸರು, ನಿರ್ದೇಶಕರಿದ್ದರೆ ಅವರದು, ಸಭಾಂಗಣ, ಬಾಗಿಲು ತೆರೆಯುವ ಹೊತ್ತು, ಹಾಡು ಶುರುವಾಗುವ ಹೊತ್ತು, ಪ್ರವೇಶ ಶುಲ್ಕ, ಅದರ ಮೇಲೆ ಕುಡಿಯಲು ತಿನ್ನಲು ಕನಿಷ್ಠ ಎಷ್ಟರ ಆರ್ಡರ್ ಕೊಡಬೇಕೆಂಬ ನಿಯಮ, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ, ನೇರಪ್ರಸಾರ ಇದೆಯೇ, ಟಿಕೆಟ್ ಕೊಂಡಿ. ಪ್ರವೇಶ ಶುಲ್ಕವನ್ನೂ ಕನಿಷ್ಠ ಆರ್ಡರನ್ನೂ ಬೇರೆಬೇರೆ ಬರೆಯಲೇಬೇಕು. ಟಿಕೆಟ್ ದರ ಒಂದನ್ನೇ ನೋಡಿಕೊಂಡು ಹೊರಟ ಹೊಸಬರಿಗೆ ಮೇಜಿನ ಮೇಲೆ ಇನ್ನೊಂದು ಬಿಲ್ಲು ಬಂದರೆ ಅವರು ಸಭಾಂಗಣದ ಜೊತೆಗೆ ನಿಮ್ಮ ಪತ್ರವನ್ನೂ ನಂಬುವುದು ಬಿಡುತ್ತಾರೆ.

ಹೆಚ್ಚಾಗಿ ಆಗುವ ತಪ್ಪೆಂದರೆ ವಾರಕ್ಕೂ ತಾರೀಖಿಗೂ ತಾಳೆಯಾಗದಿರುವುದು. 14 ಗುರುವಾರ ಬಿದ್ದಿರುತ್ತದೆ, ನಮೂದಿನಲ್ಲಿ ‘ಶುಕ್ರವಾರ 14’ ಎಂದಿರುತ್ತದೆ. ಕಳೆದ ಬಾರಿಯ ಪೋಸ್ಟರನ್ನೇ ತಿದ್ದಿ ಕಳಿಸುವುದರಿಂದ ಹೀಗಾಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ವಾರವನ್ನು ಕೈಯಿಂದ ಬರೆಯಲೇಬೇಡಿ. ತಾರೀಖು ಕೊಟ್ಟರೆ ವಾರ ತಾನೇ ಬರುವಂತೆ ಸೂತ್ರ ಹಾಕಿಡಿ, ಕಳಿಸಿದವರ ವಾರದೊಂದಿಗೆ ಅದು ಹೊಂದದಿದ್ದರೆ ಆ ಸಾಲು ಕೆಂಪಾಗಲಿ. ಕೆಂಪಾದ ಸಾಲಿಗೆ ಫೋನ್ ಮಾಡಿ ಕೇಳುವುದೊಂದೇ ದಾರಿ, ಊಹಿಸಿ ತಿದ್ದಬಾರದು. ಉಳಿದ ಸಾಲುಗಳನ್ನು ಸಭಾಂಗಣದ ಟಿಕೆಟ್ ಪುಟದೊಂದಿಗೆ ತಾಳೆ ನೋಡಿ, ಕಲಾವಿದರ ಪೋಸ್ಟರ್‌ನೊಂದಿಗಲ್ಲ.

ರದ್ದಾದ ಕಾರ್ಯಕ್ರಮವನ್ನು ಪಟ್ಟಿಯಿಂದ ಅಳಿಸಬೇಡಿ. ‘ರದ್ದಾಗಿದೆ’ ಎಂದು ಬರೆದು ಆ ತಾರೀಖು ಕಳೆಯುವವರೆಗೆ ಹಾಗೇ ಇಡಿ. ಅಳಿಸಿಬಿಟ್ಟರೆ ಹೋದವಾರ ನೋಡಿ ಗುರುತು ಹಾಕಿಕೊಂಡವರಿಗೆ ಸುದ್ದಿ ಮುಟ್ಟುವುದೇ ಇಲ್ಲ, ಮುಚ್ಚಿದ ಬಾಗಿಲ ಮುಂದೆ ಹೋಗಿ ನಿಲ್ಲುತ್ತಾರೆ. ನೇರಪ್ರಸಾರಕ್ಕೆ ಯಾವ ಊರಿನ ಹೊತ್ತು ಎಂಬುದನ್ನು ಬರೆಯಿರಿ. ‘ರಾತ್ರಿ 7’ ಎಂದಷ್ಟೇ ಬರೆದರೆ ಬೇರೆ ದೇಶದಲ್ಲಿ ಕೂತವರಿಗೆ ಏನೂ ಹೇಳಿದಂತಾಗುವುದಿಲ್ಲ.

60 ನಮೂದುಗಳ ಪಟ್ಟಿಗೆ ಒಂದಕ್ಕೆ 3 ನಿಮಿಷದಂತೆ 3 ಗಂಟೆ ಬೇಕು. ಸಭಾಂಗಣದವರೇ ತುಂಬುವ ಫಾರಂ ಮಾಡಿ, ಮೇಲೆ ಹೇಳಿದ ಅಂಶಗಳಲ್ಲಿ ಹೆಸರು, ತಾರೀಖು, ಹೊತ್ತು, ದರ ಮತ್ತು ಕನಿಷ್ಠ ಆರ್ಡರನ್ನು ಕಡ್ಡಾಯ ಮಾಡಿದರೆ ನಿಮ್ಮ ಪಾಲಿಗೆ ಉಳಿಯುವುದು ತಾಳೆ ನೋಡುವ ಕೆಲಸ. ಅದಕ್ಕೆ ಒಂದು ಗಂಟೆ ಸಾಕು. ಕಾರ್ಯಕ್ರಮಗಳು ವಾರದ ಕೊನೆಗೆ ಹೆಚ್ಚಿದ್ದರೆ ಭಾನುವಾರ ರಾತ್ರಿ ಕೊನೆಯ ಗಡುವು, ಸೋಮವಾರ ತಾಳೆ, ಮಂಗಳವಾರ ಬೆಳಗ್ಗೆ ರವಾನೆ. ವಾರಕ್ಕೊಮ್ಮೆ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಮಾಡಿ. ಆದರೆ ದಿನ ಬದಲಾಗದಿರಲಿ. ವಾರ ತಪ್ಪಿದ್ದನ್ನು ಓದುಗರು ಮನ್ನಿಸುತ್ತಾರೆ, ಎಂದು ಬರುತ್ತದೋ ಗೊತ್ತಿಲ್ಲದ ಪತ್ರವನ್ನು ಕಾಯುವುದಿಲ್ಲ.

ಪ್ರಶ್ನೆ: ಓದುಗರಿಂದಲೇ ಹಣ ಕೇಳಬೇಕೆಂದಿದ್ದೇವೆ. ಬರಹಗಳಿಗೆ ಬೀಗ ಹಾಕಿ ಚಂದಾ ಕೊಟ್ಟವರಿಗೆ ಮಾತ್ರ ತೆರೆಯುವುದು ಸರಿಯೇ?

ಪಟ್ಟಿಗೂ ವಿಮರ್ಶೆಗೂ ಬೀಗ ಬೇಡ. ವಿಮರ್ಶೆಯ ಕೊಂಡಿಯನ್ನು ಎಲ್ಲೆಡೆ ಹಂಚುವವರು ಕಲಾವಿದರೇ. ಬೀಗ ಹಾಕಿದರೆ ನಿಮಗೆ ಹೊಸ ಓದುಗರು ಬರುವ ಮುಖ್ಯ ದಾರಿ ಮುಚ್ಚಿಹೋಗುತ್ತದೆ. ‘ಎಲ್ಲರಿಗೂ ತೆರೆದಿದೆ, ನಡೆಸುವವರು ಸದಸ್ಯರು’ ಎಂಬ ಪದ್ಧತಿ ಸಣ್ಣ ಸೇವೆಗೆ ಹೊಂದುತ್ತದೆ.

ತಿಂಗಳ ಚಂದಾಕ್ಕಿಂತ ವರ್ಷದ ಚಂದಾ ಒಳ್ಳೆಯದು. ಪಾವತಿ ಸೇವೆ ಶೇಕಡಾ 3 ಮತ್ತು ಪ್ರತಿ ವಹಿವಾಟಿಗೆ 0.30 ಕಡಿತ ಮಾಡುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 3 ರಂತೆ ಬಂದರೆ ಒಂದೊಂದರಲ್ಲೂ 0.39 ಹೋಗಿ, ವರ್ಷಕ್ಕೆ 36 ರಲ್ಲಿ 4.68 ಕೈತಪ್ಪುತ್ತದೆ. ಅದೇ 36 ಒಮ್ಮೆಗೆ ಬಂದರೆ ಹೋಗುವುದು 1.38.

ಕೇಳುವಾಗ ಕೊರತೆಯ ಅಂಕಿ ಹೇಳಿಯೇ ಕೇಳಿ. ‘ತಿಂಗಳಿಗೆ 230 ಬೇಕು, 140 ಬರುತ್ತಿದೆ, 90 ಕಡಿಮೆ ಬೀಳುತ್ತಿದೆ, ಇನ್ನು 30 ಸದಸ್ಯರು ಬೇಕು’ ಎಂದರೆ ಓದುಗರಿಗೆ ತಮ್ಮ ಪಾಲು ಕಣ್ಣಿಗೆ ಕಾಣುತ್ತದೆ. ‘ನಮ್ಮನ್ನು ಉಳಿಸಿ’ ಎಂಬ ಮಾತು ಒಮ್ಮೆ ಕೆಲಸ ಮಾಡುತ್ತದೆ, ಎರಡನೇ ಸಲ ಇಲ್ಲ. ವರ್ಷಕ್ಕೆ ಎರಡೇ ಬಾರಿ, ಒಮ್ಮೆಗೆ ಎರಡು ವಾರ. 1, 5, 10, 14 ನೇ ದಿನ ಪತ್ರ. ಈಗಾಗಲೇ ಕೊಟ್ಟವರನ್ನು ಪ್ರತಿ ಸಲವೂ ಆ ರವಾನೆಯಿಂದ ತೆಗೆಯಿರಿ. ಕೊಟ್ಟ ಮರುದಿನವೇ ಮತ್ತೆ ‘ಕೊಡಿ’ ಎಂಬ ಪತ್ರ ಬಂದರೆ ಯಾರಿಗಾದರೂ ನೋವಾಗುತ್ತದೆ.

ಸದಸ್ಯರು ಕಡಿಮೆಯಾದರೆಂದು ಎದೆಗುಂದುವ ಮೊದಲು ವಿಫಲವಾದ ಪಾವತಿಗಳನ್ನು ನೋಡಿ. ಬಿಟ್ಟುಹೋದಂತೆ ಕಾಣುವ ಕೆಲವರು ಬಿಟ್ಟಿರುವುದೇ ಇಲ್ಲ. ಅವರ ಕಾರ್ಡಿನ ಅವಧಿ ಮುಗಿದಿರುತ್ತದೆ. 1, 3, 7 ನೇ ದಿನ ಮರುಪ್ರಯತ್ನ ಆಗುವಂತೆ ಇಟ್ಟು, ನಡುವೆ ನಿಮ್ಮ ಹೆಸರಿನಲ್ಲೇ ಎರಡು ಸಾಲಿನ ಪತ್ರ ಬರೆಯಿರಿ. ವಾರ್ಷಿಕ ನವೀಕರಣಕ್ಕೆ 30 ದಿನ ಮೊದಲು ತಿಳಿಸಿ.

ಪ್ರಶ್ನೆ: ಒಂದು ಸಭಾಂಗಣದವರು ಪೂರ್ತಿ ಖರ್ಚು ನಾವೇ ನೋಡಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಕೆಲವು ಕಲಾವಿದರು ವಿಮರ್ಶೆಗೆ ಹಣ ಕೊಡಲು ಸಿದ್ಧರಿದ್ದಾರೆ. ಬೇಡವೆನ್ನಲು ಆಗದ ಪರಿಸ್ಥಿತಿ.

ಸಭಾಂಗಣವೇ ಪತ್ರಿಕೆ ಹೊರಡಿಸುವುದು ಹೊಸದಲ್ಲ. ರೊಡಾಲ್ಫ್ ಸಾಲಿಸ್ 1881 ರಲ್ಲಿ ಪ್ಯಾರಿಸ್‌ನ ಮಾಂಮಾರ್ತ್ರ್‌ನಲ್ಲಿ ತೆರೆದ ‘ಲ ಷಾ ನ್ವಾರ್’ ಎಂಬ ಕ್ಯಾಬರೆ ಮರುವರ್ಷದ ಜನವರಿಯಿಂದಲೇ ಅದೇ ಹೆಸರಿನ ವಾರಪತ್ರಿಕೆ ನಡೆಸಿತು. ಅದರಲ್ಲಿ ತಪ್ಪೇನಿಲ್ಲ, ಏಕೆಂದರೆ ಅದು ಆ ಮನೆಯ ಪತ್ರಿಕೆ ಎಂದು ಹೆಸರಿನಲ್ಲೇ ಇತ್ತು. ನಿಮ್ಮದು ಸ್ವತಂತ್ರ ಎಂದು ಹೇಳಿಕೊಂಡಿದ್ದೀರಿ. ಒಂದೇ ಸಭಾಂಗಣ ಪೂರ್ತಿ ಖರ್ಚು ಹೊತ್ತ ದಿನದಿಂದ ಉಳಿದ ಸಭಾಂಗಣಗಳು ಪಟ್ಟಿ ಕಳಿಸಲು ಹಿಂದೇಟು ಹಾಕುತ್ತವೆ. ಪಟ್ಟಿ ಹೋದರೆ ಓದುಗರೂ ಹೋದಂತೆ. ಯಾವ ಒಂದು ಮೂಲದಿಂದಲೂ ಒಟ್ಟು ಆದಾಯದ ಮೂರನೇ ಒಂದಕ್ಕಿಂತ ಹೆಚ್ಚು ಬರಬಾರದು ಎಂಬ ಮಿತಿ ಹಾಕಿಕೊಳ್ಳಿ. ಆ ಮಿತಿಯೊಳಗೆ ಅವರ ಜಾಹೀರಾತನ್ನು ಸಂತೋಷದಿಂದ ತೆಗೆದುಕೊಳ್ಳಿ, ‘ಜಾಹೀರಾತು’ ಎಂದು ಮೇಲೆ ಬರೆಯಿರಿ.

ವಿಮರ್ಶೆಗೆ ಹಣ ಮಾತ್ರ ಖಂಡಿತ ಬೇಡ. ಹಣ ಕೊಟ್ಟವರ ವಿಮರ್ಶೆ ಯಾವುದು ಎಂಬುದು ಇಂಥ ಚಿಕ್ಕ ವಲಯದಲ್ಲಿ ವಾರದೊಳಗೆ ಬಯಲಾಗುತ್ತದೆ. ಆಮೇಲೆ ಹಣ ಪಡೆಯದೆ ಬರೆದ ಒಳ್ಳೆಯ ಮಾತಿಗೂ ಬೆಲೆಯಿರುವುದಿಲ್ಲ. ತುಂಬ ಶ್ರಮಪಟ್ಟ ಕಲಾವಿದರೊಬ್ಬರಿಗೆ ನೀವು ಮಾಡುವ ಅನ್ಯಾಯ ಅದು. ಹಣ ಕೊಡಲೇಬೇಕೆನ್ನುವವರಿಗೆ ಪಟ್ಟಿಯ ಮೇಲ್ಭಾಗದಲ್ಲಿ ಗುರುತು ಹಾಕಿದ ಜಾಗವನ್ನು ಮಾರಿ.

ಉಚಿತ ಟಿಕೆಟ್ ಪಡೆಯಬಹುದು, ವಿಮರ್ಶೆಯ ಕೊನೆಗೆ ಒಂದು ಸಾಲಿನಲ್ಲಿ ತಿಳಿಸಿ. ಕನಿಷ್ಠ ಆರ್ಡರಿನ ಬಿಲ್ಲನ್ನು ನೀವೇ ಕಟ್ಟಿ. ವಿಮರ್ಶಕರು ತಾವೂ ಹಾಡುವವರಾದರೆ, ಅವರ ಜೊತೆ ಕೆಲಸ ಮಾಡಿದ ಪಿಯಾನೊ ವಾದಕರ ಕಾರ್ಯಕ್ರಮವನ್ನು ಬೇರೆಯವರಿಗೆ ವಹಿಸಿ.

ಪ್ರಶ್ನೆ: ಚಂದಾದಾರರು 3000 ಇದ್ದರೂ ಪತ್ರ ತೆರೆದು ನೋಡುವವರು ದಿನೇದಿನೇ ಕಡಿಮೆ. ಹಲವರಿಗೆ ಸ್ಪ್ಯಾಮ್‌ಗೆ ಹೋಗುತ್ತಿದೆಯಂತೆ.

ನಿಮ್ಮ ಡೊಮೇನ್‌ನಲ್ಲಿ ಮೂರು ದಾಖಲೆಗಳಿವೆಯೇ ನೋಡಿ: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಪತ್ರ ನಿಜವಾಗಿ ನಿಮ್ಮದೇ ಎಂದು ಅಂಚೆಪೆಟ್ಟಿಗೆಗೆ ತೋರಿಸುವ ಗುರುತುಗಳಿವು. ತನ್ನ ವಿಳಾಸಗಳಿಗೆ ದಿನಕ್ಕೆ 5000 ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಜಿಮೇಲ್ 2024 ರ ಫೆಬ್ರವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದೆ, ಒಂದೇ ಒತ್ತಿಗೆ ಚಂದಾ ಬಿಡುವ ಸೌಲಭ್ಯವನ್ನೂ ಕೇಳುತ್ತದೆ. ನಿಮ್ಮ ಸಂಖ್ಯೆ ಅಷ್ಟಿಲ್ಲದಿದ್ದರೂ ಮಾಡಿಸಿಡಿ. ಎಸ್‌ಪಿಎಫ್ ದಾಖಲೆ ಒಂದು ಡೊಮೇನ್‌ಗೆ ಒಂದೇ ಇರಬೇಕು. ಹಳೆಯ ಇಮೇಲ್ ಸೇವೆಯದನ್ನು ಹಾಗೇ ಇಟ್ಟು ಹೊಸದನ್ನು ಪಕ್ಕದಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ. ಎರಡನ್ನೂ ಒಂದೇ ಸಾಲಿಗೆ ಸೇರಿಸಬೇಕು. ಡಿಮಾರ್ಕ್ ಅನ್ನು ಮೊದಲು ‘ವರದಿ ಮಾತ್ರ ಕಳಿಸು’ ಎಂಬ ಹಂತದಲ್ಲಿಟ್ಟು, ಕೆಲವು ವಾರ ವರದಿ ನೋಡಿ ಆಮೇಲೆ ಬಿಗಿ ಮಾಡಿ.

ಪತ್ರದ ತೂಕವನ್ನೂ ನೋಡಿ. ಸುಮಾರು 102 ಕೆಬಿ ದಾಟಿದ ಪತ್ರವನ್ನು ಜಿಮೇಲ್ ಅರ್ಧಕ್ಕೆ ಕತ್ತರಿಸಿ ತೋರಿಸುತ್ತದೆ. ಉದ್ದದ ಪಟ್ಟಿ ಇರುವ ನಿಮ್ಮಂಥವರಿಗೆ ಇದು ನಿಜವಾದ ಪೆಟ್ಟು, ಕೊನೆಯಲ್ಲಿರುವ ಭಾನುವಾರದ ಕಾರ್ಯಕ್ರಮಗಳು ಕಾಣುವುದೇ ಇಲ್ಲ. ವರ್ಡ್‌ನಿಂದ ನೇರ ಅಂಟಿಸಿದ ಬರಹ ಕಾಣದ ಕಸವನ್ನು ಹೊತ್ತು ತರುತ್ತದೆ. ಬರೀ ಅಕ್ಷರವಾಗಿ ಅಂಟಿಸಿ, ವಿನ್ಯಾಸವನ್ನು ಆಮೇಲೆ ಕೊಡಿ.

ತಲುಪದೆ ಹಿಂದಿರುಗುವ ವಿಳಾಸಗಳನ್ನು ಕೂಡಲೇ ತೆಗೆಯಿರಿ. ಆರು ತಿಂಗಳಿಂದ ಒಂದೂ ಕೊಂಡಿ ಒತ್ತದವರಿಗೆ ‘ಇನ್ನೂ ಕಳಿಸಬೇಕೇ?’ ಎಂದು ಎರಡು ಪತ್ರ ಬರೆದು, ಉತ್ತರ ಬಾರದಿದ್ದರೆ ಅವರ ವಿಳಾಸವನ್ನೂ ತೆಗೆಯಿರಿ. ಹಣ ಕೊಡುವ ಸದಸ್ಯರನ್ನು ಮಾತ್ರ ಹೀಗೆ ತೆಗೆಯಬೇಡಿ. ಕೊಂಡಿ ಒತ್ತದೆ ಪತ್ರದಲ್ಲೇ ಓದುವವರಿರುತ್ತಾರೆ. 3000 ಹೋಗಿ 1900 ಆದರೆ ನೋವಾಗುತ್ತದೆ, ಆದರೆ ಉಳಿದ 1900 ಮಂದಿಯ ಪೆಟ್ಟಿಗೆಗೆ ಪತ್ರ ಸರಿಯಾಗಿ ಸೇರುತ್ತದೆ.

ಪ್ರಶ್ನೆ: ಜಾಲತಾಣದ ಖರ್ಚೇ ಬೇಡವೆಂದು ಎಲ್ಲವನ್ನೂ ಸಾಮಾಜಿಕ ಜಾಲತಾಣಕ್ಕೆ ಸಾಗಿಸಬಹುದೇ?

ಬೇಡ. ಅಲ್ಲಿ ಯಾರಿಗೆ ಕಾಣಬೇಕೆಂಬುದು ನಿಮ್ಮ ಕೈಯಲ್ಲಿಲ್ಲ, ಇಂದು ರಾತ್ರಿಯ ಕಾರ್ಯಕ್ರಮ ಓದುಗರಿಗೆ ನಾಳಿದ್ದು ಕಾಣಿಸಿದರೆ ಪ್ರಯೋಜನವಿಲ್ಲ. ಇಮೇಲ್ ವಿಳಾಸಗಳ ಪಟ್ಟಿ ನಿಮ್ಮ ಬಳಿಯೇ ಇರಲಿ, ತಿಂಗಳಿಗೊಮ್ಮೆ ಅದರ ಪ್ರತಿ ಇಳಿಸಿಕೊಂಡು ಬೀಗ ಹಾಕಿದ ಕಡತದಲ್ಲಿಡಿ.

ಪ್ರಶ್ನೆ: ಸಭಾಂಗಣಗಳೇ ಮುಚ್ಚಿದರೆ ಬರೆಯಲು ಏನಿರುತ್ತದೆ?

ಕೋವಿಡ್‌ನಿಂದಾಗಿ ಬಾಗಿಲುಗಳು ಮುಚ್ಚಿದ 2020 ರ ಮಾರ್ಚ್‌ನಿಂದ ಇದೇ ಪ್ರಶ್ನೆ ಎಲ್ಲರಿಗೂ ಎದುರಾಯಿತು. ಕಲಾವಿದರು ಮನೆಯ ಕೋಣೆಯಿಂದಲೇ ಪರದೆಯ ಮೂಲಕ ಹಾಡಿದರು, ಆ ನೇರಪ್ರಸಾರಗಳ ಪಟ್ಟಿಯೂ ಪಟ್ಟಿಯೇ. ಅದಕ್ಕಿಂತ ಮುಖ್ಯವಾಗಿ, ಮುಚ್ಚಿದ ಬಾಗಿಲೂ ಸುದ್ದಿ: ಬಾಡಿಗೆ ಕರಾರು, ಪರವಾನಗಿ, ಶಬ್ದದ ನಿಯಮ, ಆಸನಮಿತಿ. ನ್ಯೂಯಾರ್ಕ್‌ನಲ್ಲಿ ಪರವಾನಗಿಯಿಲ್ಲದ ಜಾಗದಲ್ಲಿ ಕುಣಿತವನ್ನು ತಡೆಯುತ್ತಿದ್ದ 1926 ರ ಕ್ಯಾಬರೆ ಕಾನೂನು ರದ್ದಾದದ್ದು 2017 ರಲ್ಲಿ. ಅಲ್ಲಿ 1967 ರವರೆಗೆ ಕಲಾವಿದರಿಗೆ ಪೊಲೀಸರು ಕೊಡುವ ‘ಕ್ಯಾಬರೆ ಕಾರ್ಡ್’ ಬೇಕಿತ್ತು. 1947 ರಲ್ಲಿ ಜಾಝ್ ಗಾಯಕಿ ಬಿಲ್ಲೀ ಹಾಲಿಡೇ, 1951 ರಲ್ಲಿ ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅದನ್ನು ಕಳೆದುಕೊಂಡರು. ಮಾಂಕ್ 1957 ರವರೆಗೆ ಆ ಊರಿನ ಕ್ಲಬ್ಬುಗಳಲ್ಲಿ ಕಾನೂನುಬದ್ಧವಾಗಿ ನುಡಿಸುವಂತಿರಲಿಲ್ಲ. ಇಂಥ ನಿಯಮ ಯಾವ ಊರಿನಲ್ಲಿದ್ದರೂ ಅದನ್ನು ಬಿಡದೆ ಹಿಂಬಾಲಿಸಿ ಬರೆಯಬೇಕಾದವರು ನೀವೇ. ದೊಡ್ಡ ಪತ್ರಿಕೆಗೆ ಅದು ನಾಲ್ಕು ಸಾಲಿನ ಸುದ್ದಿ.

ಪ್ರಶ್ನೆ: ಹಳೆಯ ವಿಮರ್ಶೆಗಳು ಸಾವಿರಾರಿವೆ. ಸರ್ವರ್ ಖರ್ಚು ಉಳಿಸಲು ತೆಗೆದುಬಿಡೋಣವೇ?

ದಯವಿಟ್ಟು ತೆಗೆಯಬೇಡಿ. ಎಪ್ಪತ್ತು ನಿಮಿಷದ ಒಂದು ಕಾರ್ಯಕ್ರಮ, ಎಂಬತ್ತು ಮಂದಿ ನೋಡಿದ್ದು, ಧ್ವನಿಮುದ್ರಣವಿಲ್ಲ. ಅದು ನಡೆದಿತ್ತು ಎಂಬುದಕ್ಕೆ ಹಲವು ಸಲ ಉಳಿಯುವ ಒಂದೇ ಸಾಕ್ಷಿ ನಿಮ್ಮ ವಿಮರ್ಶೆ. ಆದ್ದರಿಂದಲೇ ವಿಮರ್ಶೆ ಬರೆಯುವಾಗ ನೋಡಿದ ತಾರೀಖು, ಪಿಯಾನೊ ವಾದಕರು, ಮೊದಲ ಮತ್ತು ಕೊನೆಯ ಹಾಡು, ಅವುಗಳ ಸಂಗೀತಗಾರರು, ಸಾಹಿತ್ಯ ಬರೆದವರು ಇವಿಷ್ಟು ಇರಲೇಬೇಕು. ಹಾಡು ಬರೆದವರ ಹೆಸರು ತಪ್ಪಾದರೆ ಆ ತಪ್ಪೇ ಮುಂದೆ ದಾಖಲೆಯಾಗಿ ಉಳಿಯುತ್ತದೆ.

ಖರ್ಚು ಇಳಿಸುವ ದಾರಿ ಬೇರೆಯಿದೆ. ಹಳೆಯ ಪುಟಗಳನ್ನು ಡೇಟಾಬೇಸ್ ಬೇಡದ ಸ್ಥಿರ ಎಚ್‌ಟಿಎಂಎಲ್ ಕಡತಗಳಾಗಿ ಮಾರ್ಪಡಿಸಿ, ಅವಕ್ಕೆ ಅಗ್ಗದ ಹೋಸ್ಟಿಂಗ್ ಸಾಕು. ವಿಳಾಸಗಳು ಬದಲಾಗದಂತೆ ನೋಡಿಕೊಳ್ಳಿ, ಕಲಾವಿದರ ಪುಟಗಳಲ್ಲಿರುವ ಕೊಂಡಿಗಳು ಸಾಯಬಾರದು. ಜಾಗ ತಿನ್ನುವುದು ಚಿತ್ರಗಳು. ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ಮೂಲವನ್ನು ಬೇರೆ ಡಿಸ್ಕ್‌ನಲ್ಲಿಡಿ. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಹತ್ತು ಪುಟ ತೆರೆದು ನೋಡಿ. ಜಾಲಪುಟಗಳ ಪ್ರತಿಯನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೂ ಪುಟಗಳನ್ನು ಸೇರಿಸಿಡಿ. ಛಾಯಾಗ್ರಾಹಕರಿಂದ ‘ಸಂಗ್ರಹದಲ್ಲಿ ಉಳಿಸಿಕೊಳ್ಳಲು ಒಪ್ಪಿಗೆ’ ಎಂಬ ಎರಡು ಸಾಲನ್ನು ಬರಹದಲ್ಲೇ ಪಡೆಯಿರಿ, ಬಾಯಿಮಾತು ಸಾಲದು.

ಪ್ರಶ್ನೆ: ಎಲ್ಲವೂ ಒಬ್ಬರ ತಲೆಯಲ್ಲಿದೆ. ಅವರಿಗೆ ಕಾಯಿಲೆಯಾದರೆ ಅಲ್ಲಿಗೆ ಮುಗಿಯಿತು.

ಡೊಮೇನ್ ಯಾರ ಹೆಸರಿನಲ್ಲಿದೆ, ನವೀಕರಣದ ಎಚ್ಚರಿಕೆ ಯಾವ ಇಮೇಲ್‌ಗೆ ಬರುತ್ತದೆ, ಅದಕ್ಕೆ ಹಣ ಕಟ್ಟುವ ಕಾರ್ಡಿನ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಇವತ್ತೇ ನೋಡಿ. ಎಚ್ಚರಿಕೆ ಬರುವ ವಿಳಾಸವೂ ಅದೇ ಡೊಮೇನ್‌ನಲ್ಲಿದ್ದರೆ, ಡೊಮೇನ್ ಹೋದ ದಿನ ಎಚ್ಚರಿಕೆಯೂ ಹೋಗುತ್ತದೆ. ಬೇರೆ ವಿಳಾಸ ಕೊಡಿ. ಪಾಸ್‌ವರ್ಡ್‌ಗಳು ಹಂಚಿಕೊಳ್ಳಬಲ್ಲ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿರಲಿ. ಎರಡನೇ ಹಂತದ ದೃಢೀಕರಣ ಒಬ್ಬರ ಫೋನಿಗೆ ಮಾತ್ರ ಬರುವಂತಿದ್ದರೆ, ಬದಲಿಗೆ ಬಳಸುವ ಬ್ಯಾಕಪ್ ಸಂಕೇತಗಳನ್ನು ಮುದ್ರಿಸಿ ಇನ್ನೊಬ್ಬರಿಗೆ ಕೊಡಿ.

ಆಮೇಲೆ ಮಂಗಳವಾರದ ರವಾನೆಯನ್ನು ಹೆಜ್ಜೆಹೆಜ್ಜೆಯಾಗಿ ಎರಡು ಪುಟದಲ್ಲಿ ಬರೆಯಿರಿ: ಫಾರಂನ ಸಾಲುಗಳು ಎಲ್ಲಿ ಬಂದು ಬೀಳುತ್ತವೆ, ಕೆಂಪು ಸಾಲಿಗೆ ಯಾರಿಗೆ ಫೋನ್ ಮಾಡಬೇಕು, ಪರೀಕ್ಷಾ ಪತ್ರ ಯಾರಿಗೆ ಹೋಗಬೇಕು, ಯಾವ ಗುಂಡಿ ಒತ್ತಬೇಕು. ಬರೆದವರು ಆ ವಾರ ಪಕ್ಕದಲ್ಲಿ ಸುಮ್ಮನೆ ಕೂರಲಿ, ಇನ್ನೊಬ್ಬರು ಆ ಎರಡು ಪುಟ ನೋಡಿಕೊಂಡೇ ಸಂಚಿಕೆ ಕಳಿಸಲಿ. ಅವರು ಎಲ್ಲೆಲ್ಲಿ ತಲೆಯೆತ್ತಿ ಪ್ರಶ್ನೆ ಕೇಳುತ್ತಾರೋ ಅಲ್ಲೆಲ್ಲ ಒಂದು ಸಾಲು ಬಿಟ್ಟುಹೋಗಿದೆ, ಆಗಲೇ ಸೇರಿಸಿ. ಎರಡು ತಿಂಗಳಿಗೊಂದು ಸಂಚಿಕೆ ಹೀಗೆ ಬೇರೆಯವರ ಕೈಯಿಂದಲೇ ಹೋಗಲಿ. ನಡೆಸುವವರಿಗೆ ಅದೇ ರಜೆ. ಅದೂ ಆಗದಷ್ಟು ದಣಿದಿದ್ದರೆ ನಾಲ್ಕು ವಾರ ನಿಲ್ಲಿಸಿ. ನಿಲ್ಲಿಸುವ ಪತ್ರದಲ್ಲೇ ಮತ್ತೆ ಬರುವ ಮಂಗಳವಾರದ ತಾರೀಖು ಹಾಕಿ, ಆ ದಿನದ ಪಟ್ಟಿಗೆ ಫಾರಂ ಮಾತ್ರ ತೆರೆದೇ ಇರಲಿ.